ಅರ ಮುಟ್ಟದೆ ಜೋಡಿಸಿದ ಕಾರು

1908ರ ಫೆಬ್ರವರಿ ಕೊನೆಗೆ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿಗೆ ಮೂರು ಕ್ಯಾಡಿಲಾಕ್ ಕಾರುಗಳು ಬಂದವು. ಮೂರೂ ಅಮೆರಿಕದಲ್ಲಿ ತಯಾರಾದವು, ಮೂರೂ ಒಂದೇ ಮಾಡೆಲ್. ರಾಯಲ್ ಆಟೊಮೊಬೈಲ್ ಕ್ಲಬ್‌ನವರು ಮೊದಲು ಅವುಗಳನ್ನು ಟ್ರ್ಯಾಕಿನಲ್ಲಿ ಓಡಿಸಿ ನೋಡಿದರು. ಆಮೇಲೆ ಶೆಡ್ಡಿಗೆ ತಂದು ಬಿಚ್ಚಿಸಿದರು. ಎಂಜಿನ್, ಗೇರು, ಆಕ್ಸಲ್, ಸ್ಟಿಯರಿಂಗ್ ಎಲ್ಲವನ್ನೂ ನಟ್ಟು ಬೋಲ್ಟಿನ ತನಕ ಬಿಡಿಸಿ ಹಾಕಿದರು. ಒಂದು ಕಾರಿಗೆ 721 ಬಿಡಿಭಾಗಗಳಂತೆ ಒಟ್ಟು 2,163 ಭಾಗಗಳು ನೆಲದ ಮೇಲೆ ಬಿದ್ದವು. ಯಾವುದು ಯಾವ ಕಾರಿನದ್ದು ಅಂತ ಗೊತ್ತಾಗದ ಹಾಗೆ ಅಷ್ಟನ್ನೂ ಬೆರೆಸಿದರು. ಅದೂ ಸಾಲದು ಅಂತ 89 ಭಾಗಗಳನ್ನು ಆರಿಸಿ ಪಕ್ಕಕ್ಕಿಟ್ಟು, ಅವುಗಳ ಬದಲಿಗೆ ಡೀಲರ್ ಬಳಿ ಮಾರಾಟಕ್ಕಿದ್ದ ಸ್ಟಾಕಿನಿಂದ ಬೇರೆಯವನ್ನು ತರಿಸಿದರು.

ಈಗ ಮೆಕ್ಯಾನಿಕ್‌ಗಳ ಸರದಿ. ಆ ರಾಶಿಯಿಂದ ಮೂರು ಕಾರುಗಳನ್ನು ಮತ್ತೆ ಜೋಡಿಸಬೇಕು. ಸ್ಪ್ಯಾನರ್, ಸ್ಕ್ರೂಡ್ರೈವರ್‌ನಂಥ ಸಾಮಾನು ಬಳಸಬಹುದು. ಲೋಹವನ್ನು ಉಜ್ಜಿ ಸವೆಸುವ ಅರವನ್ನು ಮಾತ್ರ ಮುಟ್ಟುವ ಹಾಗಿಲ್ಲ.

ಜೋಡಿಸಿದರು. ಬೇರೆ ಬೇರೆ ಬಣ್ಣದ ಭಾಗಗಳು ಕಲೆತು ಕಾರುಗಳು ನೋಡಲು ವಿಚಿತ್ರವಾಗಿದ್ದವು. ಆದರೆ ಮೂರೂ ಸ್ಟಾರ್ಟ್ ಆದವು. ಮೂರೂ ಟ್ರ್ಯಾಕಿನಲ್ಲಿ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್ ಓಡಿದವು. ಕ್ಯಾಡಿಲಾಕ್ ಕಂಪನಿಗೆ ಆ ಪರೀಕ್ಷೆಗಾಗಿ ಡ್ಯೂವರ್ ಟ್ರೋಫಿ ಸಿಕ್ಕಿತು.

ಇದರಲ್ಲಿ ಏನು ದೊಡ್ಡ ವಿಷಯ ಅಂತ ಇವತ್ತು ಅನ್ನಿಸಬಹುದು. ಬೈಕಿನ ಬ್ರೇಕ್ ಶೂ ಸವೆದರೆ ನಾವು ಅಂಗಡಿಗೆ ಹೋಗಿ ಮಾಡೆಲ್ ಹೆಸರು ಹೇಳಿ ಹೊಸದನ್ನು ತರುತ್ತೇವೆ. ಅದು ಕೂತುಕೊಳ್ಳುತ್ತೋ ಇಲ್ಲವೋ ಅನ್ನುವ ಅನುಮಾನವೇ ಬರುವುದಿಲ್ಲ ಅಲ್ವಾ? 1908ರಲ್ಲಿ ಕಾರಿನ ವಿಷಯದಲ್ಲಿ ಆ ನಂಬಿಕೆ ಯಾರಿಗೂ ಇರಲಿಲ್ಲ. ಅದಕ್ಕೇ ಅಂಥದ್ದೊಂದು ಪರೀಕ್ಷೆ ನಡೆಯಿತು.

ಕಾರು ಉದ್ಯಮದ ಕಥೆಯನ್ನು ಸಾಮಾನ್ಯವಾಗಿ ಹೆನ್ರಿ ಫೋರ್ಡ್ ಮತ್ತು ಅವರ ಅಸೆಂಬ್ಲಿ ಲೈನಿನಿಂದ, ಅಂದರೆ ಸಾಲಾಗಿ ನಿಂತ ಕೆಲಸಗಾರರ ಮುಂದೆ ಕಾರು ಸಾಗುತ್ತಾ ಜೋಡಣೆಯಾಗುವ ಕ್ರಮದಿಂದ, ಶುರು ಮಾಡುತ್ತಾರೆ. ಶಾಲೆಯ ಪಾಠಗಳಲ್ಲೂ, ಕ್ವಿಜ್‌ಗಳಲ್ಲೂ ಅದೇ ಉತ್ತರ. ನನ್ನ ಪ್ರಕಾರ ಲೈನು ಈ ಕಥೆಯ ಕೊನೆಯ ಭಾಗ. ಲೈನು ಓಡಬೇಕಾದರೆ ಅದಕ್ಕೂ ಮೊದಲು ಕಾರ್ಖಾನೆಯಿಂದ ಅರ ಹೊರಗೆ ಹೋಗಬೇಕಿತ್ತು. ಆ ಕೆಲಸಕ್ಕೆ ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅದನ್ನು ಮಾಡಿದವರ ಹೆಸರು ನಮಗೆ ಅಷ್ಟಾಗಿ ಗೊತ್ತಿಲ್ಲ.

ಫಿಟ್ಟರ್ ಕೈಯಲ್ಲಿದ್ದ ಕಾರು

ಪೆಟ್ರೋಲ್ ಕಾರಿನ ಹುಟ್ಟು ಜರ್ಮನಿಯಲ್ಲಿ. ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಗಾಡಿಗೆ 1886ರಲ್ಲಿ ಪೇಟೆಂಟ್ ಪಡೆದರು. ಎರಡು ವರ್ಷದ ನಂತರ ಅವರ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ ತನಕ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ, ಈ ಗಾಡಿ ದೂರದ ಪ್ರಯಾಣಕ್ಕೂ ಆಗುತ್ತದೆ ಅಂತ ತೋರಿಸಿಕೊಟ್ಟರು. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಿಂದ ಕೊಂಡು ತುಂಬಿಸಿದರು. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಎ ಲೆವಸ್ಸೋರ್ ಕಂಪನಿ ಎಂಜಿನನ್ನು ಮುಂದೆ ಇಟ್ಟು ಹಿಂದಿನ ಚಕ್ರ ತಿರುಗಿಸುವ ಕ್ರಮವನ್ನು ಗಟ್ಟಿ ಮಾಡಿತು. ಅಂದರೆ 1900ರ ಹೊತ್ತಿಗೆ ಕಾರು ಅನ್ನುವ ವಸ್ತು ತಯಾರಾಗಿತ್ತು. ಬಡವರಿರಲಿ, ಮಧ್ಯಮ ವರ್ಗದವರೂ ಅದನ್ನು ಕೊಳ್ಳುವ ಹಾಗಿರಲಿಲ್ಲ.

ಯಾಕೆ ಅಷ್ಟು ದುಬಾರಿ? ಲೋಹಕ್ಕಿಂತ ಜಾಸ್ತಿ ಖರ್ಚು ಕೈಕೆಲಸಕ್ಕೆ ಆಗುತ್ತಿತ್ತು. ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಓದಿದವರನ್ನು ಕೇಳಿ ನೋಡಿ. ಶುರುವಿನ ದಿನಗಳೆಲ್ಲ ವೈಸಿಗೆ ಕಬ್ಬಿಣದ ತುಂಡು ಕಚ್ಚಿಸಿ ಅರ ಹಾಕುವುದರಲ್ಲೇ ಹೋಗುತ್ತವೆ. ಉಜ್ಜಬೇಕು, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು, ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜಬೇಕು. ಒಂದು ಮೂಲೆ ಜಾಸ್ತಿ ಸವೆದರೆ ಉಳಿದ ಮೂರು ಮೂಲೆಯನ್ನೂ ಅದರ ಮಟ್ಟಕ್ಕೆ ಇಳಿಸಬೇಕು. ಆ ಕಾಲದ ಕಾರಿನ ಪ್ರತಿಯೊಂದು ಮುಖ್ಯ ಭಾಗವೂ ಹೀಗೇ ಆಗುತ್ತಿತ್ತು. ಎರಕ ಹೊಯ್ದ ತುಂಡು ಒರಟಾಗಿ ಬರುತ್ತಿತ್ತು. ಮಷಿನ್ ಮಾಡಿದ ಮೇಲೂ ಅಳತೆ ಹೆಚ್ಚು ಕಡಿಮೆ. ತಿರುಗುವ ದಂಡಕ್ಕೆ, ಅಂದರೆ ಶಾಫ್ಟಿಗೆ, ನೀಲಿ ಬಣ್ಣ ಹಚ್ಚಿ ಅದನ್ನು ಹಿಡಿದಿಡುವ ಬೇರಿಂಗಿನಲ್ಲಿ ಇಟ್ಟು ತಿರುಗಿಸುತ್ತಿದ್ದರು. ನೀಲಿ ಅಂಟಿದ ಜಾಗ ಅಂದರೆ ಅಲ್ಲಿ ಉಬ್ಬಿದೆ ಅಂತ ಅರ್ಥ. ಅಷ್ಟನ್ನು ಕೆರೆದು ಮತ್ತೆ ಇಟ್ಟು ನೋಡುತ್ತಿದ್ದರು.

ಹೀಗೆ ಮಾಡಿದ ಕೆಲಸ ಅದ್ಭುತವಾಗಿಯೇ ಇರುತ್ತಿತ್ತು. ಆ ಫಿಟ್ಟರ್‌ಗಳ ಕೈ ಮೇಲೆ ನನಗೆ ದೊಡ್ಡ ಗೌರವವಿದೆ. ಆದರೆ ಈ ವಿಧಾನದಲ್ಲಿ ಎರಡು ತೊಡಕುಗಳಿದ್ದವು. ಈ ಶಾಫ್ಟ್ ಈ ಬೇರಿಂಗಿಗೆ ಮಾತ್ರ ಹೊಂದುತ್ತದೆ, ಪಕ್ಕದ ಕಾರಿನದ್ದಕ್ಕೆ ಇಲ್ಲ. ಆದ್ದರಿಂದ ಸ್ಪೇರ್ ಪಾರ್ಟ್ ಅನ್ನುವುದೇ ಸಾಧ್ಯವಿರಲಿಲ್ಲ, ಕೆಟ್ಟರೆ ಮತ್ತೆ ಒಬ್ಬ ಫಿಟ್ಟರ್ ಬೇಕು. ಎರಡನೆಯದು ಇನ್ನೂ ಮುಖ್ಯ. ಹತ್ತು ಕಾರಿನ ಬದಲು ನೂರು ಮಾಡಬೇಕಾದರೆ ಹತ್ತು ಪಟ್ಟು ಫಿಟ್ಟರ್‌ಗಳು ಬೇಕಾಗುತ್ತಿದ್ದರು. ಅಂಥ ಕೈಗಳನ್ನು ಪಳಗಿಸಲು ವರ್ಷಗಟ್ಟಲೆ ಬೇಕು. ಸಂಖ್ಯೆ ಏರಿದರೂ ಒಂದು ಕಾರಿನ ಖರ್ಚು ಇಳಿಯುತ್ತಲೇ ಇರಲಿಲ್ಲ. ಆ ದುಬಾರಿತನದ ಬೇರು ಅರದಲ್ಲಿತ್ತು.

ಬಂದೂಕಿನಿಂದ ಬಂದ ವಿದ್ಯೆ

ಈ ಸಮಸ್ಯೆಯನ್ನು ಮೊದಲು ಎದುರಿಸಿದ್ದು ಸೈನ್ಯಗಳು. ಯುದ್ಧಭೂಮಿಯಲ್ಲಿ ಬಂದೂಕಿನ ಒಂದು ಸ್ಪ್ರಿಂಗ್ ಮುರಿದರೆ ಇಡೀ ಬಂದೂಕು ದಂಡ. ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ಆನೊರೆ ಬ್ಲಾಂ ಎಂಬ ಬಂದೂಕು ತಯಾರಕರು ಅದಲು ಬದಲು ಮಾಡಿದರೂ ಕೂರುವ ಭಾಗಗಳನ್ನು ಮಾಡಿ ತೋರಿಸಿದರು. 1785ರಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ ಅದನ್ನು ಕಣ್ಣಾರೆ ಕಂಡು ಅಮೆರಿಕಕ್ಕೆ ಬರೆದು ತಿಳಿಸಿದರು. ಮುಂದೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಂಥ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ಹಲವು ದಶಕ ಹಣ ಸುರಿದು ಆ ವಿದ್ಯೆಯನ್ನು ಕರಗತ ಮಾಡಿಕೊಂಡವು. ಲಾಭ ನೋಡುವ ಖಾಸಗಿ ಕಂಪನಿ ಅಷ್ಟು ಕಾಲ ಕಾಯುತ್ತಿರಲಿಲ್ಲ ಅನ್ನಿಸುತ್ತದೆ. ಅಲ್ಲಿ ಕಲಿತ ಕೆಲಸಗಾರರು ಹೊಲಿಗೆ ಯಂತ್ರ, ಸೈಕಲ್, ಟೈಪ್‌ರೈಟರ್ ಕಾರ್ಖಾನೆಗಳಿಗೆ ಹಂಚಿಹೋದರು.

ಹಾಗೆ ಹೋದವರಲ್ಲಿ ಒಬ್ಬರು ಹೆನ್ರಿ ಲೀಲಂಡ್. 1843ರಲ್ಲಿ ವರ್ಮಾಂಟ್‌ನಲ್ಲಿ ಹುಟ್ಟಿದವರು. ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ದುಡಿದರು. ನಂತರ ಅಳತೆಯ ಉಪಕರಣಗಳಿಗೆ ಹೆಸರಾದ ಬ್ರೌನ್ ಅಂಡ್ ಶಾರ್ಪ್ ಕಂಪನಿ ಸೇರಿದರು. 1890ರಲ್ಲಿ ಡೆಟ್ರಾಯ್ಟ್‌ಗೆ ಬಂದು ಸ್ವಂತ ವರ್ಕ್‌ಶಾಪ್ ಹಾಕಿದರು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಡಿದ ಕಾರುಗಳ ಹಿಂದೆ ಇದ್ದವರು ಇವರೇ.

ಲೀಲಂಡ್ ಅವರ ಕಾರ್ಖಾನೆಯಲ್ಲಿ ಅರದ ಜಾಗಕ್ಕೆ ಬಂದದ್ದು ಗೇಜು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯದ ಕೀಲಿ ಇಲ್ಲಿದೆ.

20 ಮಿಲಿಮೀಟರ್ ದಪ್ಪದ ಶಾಫ್ಟ್ ಬೇಕು ಅಂದುಕೊಳ್ಳಿ. ಸರಿಯಾಗಿ 20 ಅಂತ ಯಾರಿಂದಲೂ ಮಾಡಲು ಆಗುವುದಿಲ್ಲ. ಕೂದಲೆಳೆಯಷ್ಟಾದರೂ ಆಚೀಚೆ ಆಗೇ ಆಗುತ್ತದೆ. ಆದ್ದರಿಂದ ಎಂಜಿನಿಯರ್ ಎಷ್ಟು ಆಚೀಚೆ ಆದರೆ ಪರವಾಗಿಲ್ಲ ಅಂತ ಮೊದಲೇ ತೀರ್ಮಾನಿಸುತ್ತಾರೆ. 20.00ಕ್ಕಿಂತ ದಪ್ಪ ಇರಬಾರದು, 19.98ಕ್ಕಿಂತ ತೆಳ್ಳಗೆ ಇರಬಾರದು ಅಂತಿಟ್ಟುಕೊಳ್ಳೋಣ. ಈಗ ಗಟ್ಟಿ ಉಕ್ಕಿನಲ್ಲಿ ಎರಡು ಬಾಯಿಯ ಒಂದು ಗೇಜು ಮಾಡುತ್ತಾರೆ. ಒಂದು ಬಾಯಿಯ ಅಗಲ 20.00, ಇನ್ನೊಂದರದ್ದು 19.98. ತಯಾರಾದ ಶಾಫ್ಟ್ ಮೊದಲ ಬಾಯಿಯೊಳಗೆ ಹೋಗಬೇಕು, ಎರಡನೆಯದರೊಳಗೆ ಹೋಗಬಾರದು. ಎರಡಕ್ಕೂ ಹೋದರೆ ಶಾಫ್ಟ್ ತೆಳ್ಳಗಾಗಿದೆ. ಯಾವುದಕ್ಕೂ ಹೋಗದಿದ್ದರೆ ದಪ್ಪಗಿದೆ. ಇದಕ್ಕೆ ಇವತ್ತಿಗೂ ಮಷಿನ್ ಶಾಪುಗಳಲ್ಲಿ ಗೋ, ನೋ ಗೋ ಗೇಜು ಅನ್ನುತ್ತಾರೆ.

ಇದು ನೋಡಲು ಸುಮ್ನೆ ಒಂದು ಕಬ್ಬಿಣದ ತುಂಡು. ಆದರೆ ಇದು ಮಾಡಿದ ಬದಲಾವಣೆ ನೋಡಿ. ಮೊದಲು ಶಾಫ್ಟನ್ನು ಬೇರಿಂಗಿಗೆ ಹೋಲಿಸಿ ನೋಡುತ್ತಿದ್ದರು. ಈಗ ಎರಡನ್ನೂ ಬೇರೆ ಬೇರೆಯಾಗಿ ಗೇಜಿಗೆ ಹೋಲಿಸುತ್ತಾರೆ. ಹಾಗಾಗಿ ಶಾಫ್ಟ್ ಒಂದು ಊರಿನಲ್ಲಿ, ಬೇರಿಂಗ್ ಇನ್ನೊಂದು ಊರಿನಲ್ಲಿ ತಯಾರಾಗಬಹುದು. ಎರಡೂ ಗೇಜು ಪಾಸಾದರೆ ಜೋಡಿಸುವ ದಿನ ಕೂತೇ ಕೂರುತ್ತವೆ. ನೋಡುವವರಿಗೆ ಅಂಕಿ ಓದುವ ಕೆಲಸವೂ ಇಲ್ಲ, ವಾದಕ್ಕೂ ಜಾಗವಿಲ್ಲ. ಹೋಗುತ್ತೆ ಅಥವಾ ಹೋಗಲ್ಲ, ಅಷ್ಟೇ.

ಹಾಗಾದರೆ ಗೇಜನ್ನೇ ಅಳೆಯುವುದು ಯಾವುದರಿಂದ? ಸ್ವೀಡನ್ನಿನ ಶಸ್ತ್ರ ಕಾರ್ಖಾನೆಯಲ್ಲಿದ್ದ ಯೊಹಾನ್ಸನ್ ಎಂಬುವವರು ಅದಕ್ಕೆ ಉಕ್ಕಿನ ಪುಟ್ಟ ಪುಟ್ಟ ಬ್ಲಾಕುಗಳ ಸೆಟ್ ಮಾಡಿದರು. ಅವುಗಳ ಮೇಲ್ಮೈ ಎಷ್ಟು ನಯ ಅಂದರೆ ಒಂದರ ಮೇಲೊಂದು ಒತ್ತಿ ಸರಿಸಿದರೆ ಅಂಟಿಕೊಳ್ಳುತ್ತವೆ. ಬೇಕಾದ ಬ್ಲಾಕುಗಳನ್ನು ಆರಿಸಿ ಅಂಟಿಸಿದರೆ ಬೇಕಾದ ಅಳತೆ ಸಿಗುತ್ತದೆ. ಅಮೆರಿಕದಲ್ಲಿ ಇವನ್ನು ಮೊದಮೊದಲು ತರಿಸಿಕೊಂಡವರಲ್ಲಿ ಲೀಲಂಡ್ ಒಬ್ಬರು. ಇದೇ ಕಾಲಕ್ಕೆ ಇನ್ನೆರಡು ಸಂಗತಿಗಳು ಕೂಡಿಬಂದವು. ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಕಂಡುಹಿಡಿದ ಹೈಸ್ಪೀಡ್ ಸ್ಟೀಲಿನ ಉಳಿಗಳು ಕೆಂಪಗೆ ಕಾದರೂ ಮೊಂಡಾಗುತ್ತಿರಲಿಲ್ಲ. ಚಾರ್ಲ್ಸ್ ನಾರ್ಟನ್ ಮಾಡಿದ ಗ್ರೈಂಡಿಂಗ್ ಮಷಿನ್‌ಗಳು ಗಡಸು ಮಾಡಿದ ಉಕ್ಕನ್ನೂ ಅಳತೆಗೆ ತರಬಲ್ಲವಾಗಿದ್ದವು. ಕೈಯಿಂದ ಕೆರೆಯುತ್ತಿದ್ದ ಕೆಲಸವನ್ನು ಯಂತ್ರ ಮಾಡತೊಡಗಿತು.

ಬೆಂಕಿ ಬಿದ್ದ ಕಾರ್ಖಾನೆ

ಅಳತೆ ಒಂದು ಕಡೆಯಾದರೆ, ಸಂಖ್ಯೆ ಇನ್ನೊಂದು. ಕಡಿಮೆ ಬೆಲೆಗೆ, ಸಾವಿರಗಟ್ಟಲೆ ಕಾರು ಮಾರಬಹುದು ಅಂತ ಅಮೆರಿಕದಲ್ಲಿ ಮೊದಲು ತೋರಿಸಿದವರು ರ‍್ಯಾನ್ಸಮ್ ಓಲ್ಡ್ಸ್. 1901ರ ಮಾರ್ಚ್‌ನಲ್ಲಿ ಡೆಟ್ರಾಯ್ಟ್‌ನ ಅವರ ಕಾರ್ಖಾನೆ ಸುಟ್ಟುಹೋಯಿತು. ಮುಂಭಾಗ ಸುರುಳಿಯಾಗಿ ಬಾಗಿದ್ದ ಒಂದು ಪುಟ್ಟ ಗಾಡಿಯನ್ನು ಅವರು ನೆಚ್ಚಿಕೊಂಡರು. ಬೆಲೆ 650 ಡಾಲರ್. ಬೇಡಿಕೆ ಬಂದಷ್ಟನ್ನೂ ಒಂದೇ ಕಡೆ ಮಾಡಲಾಗದೆ ಭಾಗಗಳನ್ನು ಹೊರಗಿನವರಿಂದ ಮಾಡಿಸಿದರು. ಎಂಜಿನ್ ಲೀಲಂಡ್ ಅವರಿಂದ, ಗೇರು ವ್ಯವಸ್ಥೆ ಜಾನ್ ಮತ್ತು ಹೊರೇಸ್ ಡಾಡ್ಜ್ ಅಣ್ಣತಮ್ಮಂದಿರಿಂದ. 1901ರಲ್ಲಿ ಕೆಲವೇ ನೂರು ಕಾರುಗಳಿದ್ದದ್ದು 1904ಕ್ಕೆ ಐದು ಸಾವಿರ ದಾಟಿತು. ಡೆಟ್ರಾಯ್ಟ್ ಸುತ್ತಮುತ್ತ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆಗಳ ಜಾಲವೇ ಬೆಳೆಯಿತು. ಪಾಲುದಾರರ ಜೊತೆ ಸರಿಬರದೆ ಓಲ್ಡ್ಸ್ 1904ರಲ್ಲಿ ಹೊರಬಂದರು. ಅಸೆಂಬ್ಲಿ ಲೈನಿನ ಹೆಗ್ಗಳಿಕೆಯನ್ನು ಅವರಿಗೇ ಕೊಡುವವರೂ ಇದ್ದಾರೆ. ಆದರೆ ಯಂತ್ರದ ಬಲದಿಂದ ಚಲಿಸುವ ಲೈನು ಅವರಲ್ಲಿ ಇರಲಿಲ್ಲ.

ಲೀಲಂಡ್ ಮತ್ತು ಫೋರ್ಡ್ ದಾರಿಗಳು 1902ರಲ್ಲಿ ಕೂಡಿದ ಪ್ರಸಂಗವೂ ಇದೆ. ಹೆನ್ರಿ ಫೋರ್ಡ್ ಅವರ ಎರಡನೇ ಕಂಪನಿ ಆಗ ಮುಳುಗುವ ಸ್ಥಿತಿಯಲ್ಲಿತ್ತು, ಫೋರ್ಡ್ ಹೊರನಡೆದಿದ್ದರು. ಇದ್ದ ಯಂತ್ರಗಳನ್ನು ಮಾರಿಬಿಡೋಣ ಅಂತ ಹಣ ಹಾಕಿದವರು ಬೆಲೆ ಕಟ್ಟಲು ಲೀಲಂಡ್ ಅವರನ್ನು ಕರೆಸಿದರು. ಮಾರಬೇಡಿ, ನನ್ನ ಎಂಜಿನ್ ಹಾಕಿ ಕಾರು ಮಾಡಿ ಅಂದರು ಲೀಲಂಡ್. ಆ ಕಂಪನಿಯೇ ಕ್ಯಾಡಿಲಾಕ್ ಆಯಿತು. ಫೋರ್ಡ್ 1903ರ ಜೂನ್‌ನಲ್ಲಿ ಮೂರನೇ ಸಲ ಕಂಪನಿ ಕಟ್ಟಿದರು. ಅದು ನಿಂತಿತು.

ಹೈಲ್ಯಾಂಡ್ ಪಾರ್ಕಿನ ಲೈನು

ಫೋರ್ಡ್ ಅವರ ಮಾಡೆಲ್ ಟಿ 1908ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂತು. ಬೆಲೆ 850 ಡಾಲರ್. ಭಾಗಗಳು ಹಗುರವಾಗಿದ್ದೂ ಗಟ್ಟಿಯಾಗಿರಲಿ ಅಂತ ವನೇಡಿಯಂ ಸ್ಟೀಲ್ ಬಳಸಿದ್ದರು. ನಾಲ್ಕೂ ಸಿಲಿಂಡರ್ ಒಂದೇ ಎರಕದಲ್ಲಿ ಬರುತ್ತಿದ್ದವು, ತಲೆಭಾಗ ಬಿಚ್ಚಿ ತೆಗೆಯುವ ಹಾಗಿತ್ತು. ಹಳ್ಳಿಯ ಕೆಸರು ರಸ್ತೆಗೆ ಹೇಳಿ ಮಾಡಿಸಿದ ಗಾಡಿ. 1909ರಲ್ಲಿ ಫೋರ್ಡ್ ಒಂದು ನಿರ್ಧಾರ ತೊಗೊಂಡರು: ಇನ್ನು ಮುಂದೆ ಬೇರೆ ಯಾವ ಮಾಡೆಲ್ಲೂ ಇಲ್ಲ, ಇದೊಂದೇ.

ಈ ನಿರ್ಧಾರ ಲೈನಿಗಿಂತ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಒಂದೇ ಮಾಡೆಲ್, ವರ್ಷಾನುಗಟ್ಟಲೆ ಬದಲಾವಣೆ ಇಲ್ಲ ಅಂದರೆ ಒಂದೇ ಕೆಲಸ ಮಾಡುವ ಯಂತ್ರಗಳನ್ನು ಕಟ್ಟಬಹುದು. ಎಂಜಿನ್ ಬ್ಲಾಕಿಗೆ ನಾಲ್ಕು ಕಡೆಯಿಂದ ಒಂದೇ ಸಲಕ್ಕೆ 45 ತೂತು ಕೊರೆಯುವ ಯಂತ್ರ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿತ್ತು. ಅದರಿಂದ ಬೇರೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಬ್ಲಾಕನ್ನು ಹಿಡಿದಿಡುವ ಚೌಕಟ್ಟಿನಲ್ಲಿ, ಅಂದರೆ ಫಿಕ್ಸ್ಚರಿನಲ್ಲಿ, ಕೂರಿಸಿದರೆ ಅದು ತಪ್ಪಾಗಿ ಕೂರುವ ಸಾಧ್ಯತೆಯೇ ಇಲ್ಲ. ಲಿವರ್ ಎಳೆದರೆ ಆಯಿತು. ನಿನ್ನೆ ಮೊನ್ನೆ ಹೊಲದಿಂದ ಬಂದವನೂ ಅದನ್ನು ಬೇಗ ಕಲಿಯಬಹುದಿತ್ತು. ಫಿಟ್ಟರ್ ಕೈಯಲ್ಲಿದ್ದ ಜಾಣ್ಮೆ ಯಂತ್ರ ವಿನ್ಯಾಸ ಮಾಡುವವರ ಕೈಗೆ ಹೋಯಿತು.

ಯಂತ್ರಗಳನ್ನು ಇಡುವ ಕ್ರಮವೂ ಬದಲಾಗಿತ್ತು. ಬೇರೆ ಕಾರ್ಖಾನೆಗಳಲ್ಲಿ ಲೇತ್‌ಗಳೆಲ್ಲ ಒಂದು ಕಡೆ, ಡ್ರಿಲ್ಲಿಂಗ್ ಮಷಿನ್‌ಗಳೆಲ್ಲ ಇನ್ನೊಂದು ಕಡೆ. ಒಂದು ಭಾಗ ತಯಾರಾಗಬೇಕಾದರೆ ಇಡೀ ಕಟ್ಟಡ ಸುತ್ತಬೇಕು. 1906ರಲ್ಲಿ ಫೋರ್ಡ್ ಸೇರಿದ ವಾಲ್ಟರ್ ಫ್ಲ್ಯಾಂಡರ್ಸ್ ಯಾವ ಕೆಲಸದ ನಂತರ ಯಾವ ಕೆಲಸವೋ ಆ ಸಾಲಿನಲ್ಲೇ ಯಂತ್ರಗಳನ್ನು ನಿಲ್ಲಿಸುವ ಪದ್ಧತಿ ಹಾಕಿಕೊಟ್ಟರು. ಎರಡು ವರ್ಷದೊಳಗೆ ಅವರು ಕಂಪನಿ ಬಿಟ್ಟರು, ಪದ್ಧತಿ ಉಳಿಯಿತು. 1910ರಲ್ಲಿ ಶುರುವಾದ ಹೈಲ್ಯಾಂಡ್ ಪಾರ್ಕ್ ಕಟ್ಟಡವನ್ನು ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಕಾಂಕ್ರೀಟು ಮತ್ತು ಗಾಜಿನಲ್ಲಿ, ಬೆಳಕು ಧಾರಾಳವಾಗಿ ಬರುವ ಹಾಗೆ ಕಟ್ಟಿದ್ದರು.

ಇಷ್ಟೆಲ್ಲ ಆದ ಮೇಲೆ ಬಂತು 1913. ಲೈನು ಮೊದಲು ಶುರುವಾದದ್ದು ಇಡೀ ಕಾರಿಗೆ ಅಲ್ಲ, ಮ್ಯಾಗ್ನೆಟೊ ಎಂಬ ಒಂದು ಭಾಗಕ್ಕೆ. ಎಂಜಿನ್ನಿಗೆ ಕಿಡಿ ಕೊಡುವ ಈ ವ್ಯವಸ್ಥೆಯಲ್ಲಿ ಫ್ಲೈವೀಲಿನ ಸುತ್ತ 16 ಅಯಸ್ಕಾಂತಗಳನ್ನು ಬೋಲ್ಟ್ ಮಾಡಬೇಕಿತ್ತು. ಮೊದಲು ಒಬ್ಬ ಕೆಲಸಗಾರ ತನ್ನ ಬೆಂಚಿನಲ್ಲಿ ಪೂರ್ತಿ ಒಂದನ್ನು ಜೋಡಿಸುತ್ತಿದ್ದ. ಏಪ್ರಿಲ್ 1ರಂದು ಬೆಂಚುಗಳನ್ನು ತೆಗೆಸಿ ಉದ್ದವಾದ ಒಂದು ಹಳಿ ಹಾಕಿದರು, 29 ಜನರನ್ನು ಸಾಲಾಗಿ ನಿಲ್ಲಿಸಿದರು. ಒಬ್ಬ ಒಂದು ಅಯಸ್ಕಾಂತ ಇಡಬೇಕು, ಮುಂದಿನವ ಒಂದೆರಡು ನಟ್ಟು ಬಿಗಿ ಮಾಡಬೇಕು, ಪಕ್ಕಕ್ಕೆ ತಳ್ಳಬೇಕು. ಒಂಬತ್ತು ಗಂಟೆಯ ಪಾಳಿಯಲ್ಲಿ 1,188 ಮ್ಯಾಗ್ನೆಟೊ ತಯಾರಾದವು. ಜನರ ಲೆಕ್ಕ ಹಾಕಿದರೆ ಒಂದಕ್ಕೆ 13 ನಿಮಿಷ 10 ಸೆಕೆಂಡು. ಮೊದಲು ಸುಮಾರು 20 ನಿಮಿಷ ಹಿಡಿಯುತ್ತಿತ್ತು.

ಹಳಿ ತಗ್ಗಾಗಿತ್ತು, ಎಲ್ಲರ ಬೆನ್ನೂ ನೋಯುತ್ತಿತ್ತು. ಕೆಲವು ಅಂಗುಲ ಎತ್ತರಿಸಿದರು. ಸಮಯ 7 ನಿಮಿಷಕ್ಕೆ ಇಳಿಯಿತು. ಕೆಲವರು ಬೇಗ ತಳ್ಳುತ್ತಿದ್ದರು, ಕೆಲವರು ನಿಧಾನ. ಚೈನು ಹಾಕಿ ಒಂದೇ ವೇಗದಲ್ಲಿ ಎಳೆಸಿದರು. 14 ಜನ ಎಂಟು ಗಂಟೆಯಲ್ಲಿ 1,335 ಮಾಡುವ ಹಾಗಾಯಿತು, ಅಂದರೆ ಒಂದಕ್ಕೆ 5 ನಿಮಿಷ. ಜನ ಅರ್ಧ, ಹೊತ್ತು ಕಡಿಮೆ, ಫಲ ಜಾಸ್ತಿ.

ಆ ಸಮಯ ಉಳಿದದ್ದು ಎಲ್ಲಿಂದ? ಯಾರೂ ಓಡಿ ಓಡಿ ಕೆಲಸ ಮಾಡಲಿಲ್ಲ. ಸಾಮಾನು ತರಲು ನಡೆಯುವುದು, ಸ್ಪ್ಯಾನರ್ ಕೆಳಗಿಟ್ಟು ಬೇರೆಯದನ್ನು ಹುಡುಕುವುದು, ಮುಂದೇನು ಅಂತ ಒಂದು ಕ್ಷಣ ಯೋಚಿಸುವುದು, ಇವೆಲ್ಲ ಹೋದವು. ಮತ್ತೆ ಲೈನಿಗೆ ಅದರದ್ದೇ ಒಂದು ಲೆಕ್ಕವಿದೆ. 28 ಜನರ ಕೆಲಸ ಅರ್ಧ ನಿಮಿಷದ್ದು, ಒಬ್ಬನದ್ದು ಮಾತ್ರ ಒಂದು ನಿಮಿಷದ್ದು ಅಂದುಕೊಳ್ಳಿ. ಇಡೀ ಲೈನು ನಿಮಿಷಕ್ಕೆ ಒಂದೇ ಕೊಡುತ್ತದೆ. ಉಳಿದವರು ಎಷ್ಟೇ ಚುರುಕಾಗಿದ್ದರೂ ಕಾಯಬೇಕು. ಆದ್ದರಿಂದ ಆ ಒಬ್ಬನ ಕೆಲಸವನ್ನು ಎರಡಾಗಿ ಒಡೆಯಬೇಕು. ಆಗ ಇನ್ನೊಂದು ಜಾಗ ನಿಧಾನ ಅನ್ನಿಸುತ್ತದೆ, ಅದನ್ನು ಒಡೆಯಬೇಕು. ಲೈನು ಕಟ್ಟುವುದು ಅಂದರೆ ಸ್ಟಾಪ್‌ವಾಚ್ ಹಿಡಿದು ಹೀಗೆ ಸಮ ಮಾಡುತ್ತಾ ಹೋಗುವುದು. ಈ ಕೆಲಸ ಮಾಡಿದವರಲ್ಲಿ ಕ್ಲಾರೆನ್ಸ್ ಏವರಿ ಒಬ್ಬರು. ಅವರು ಫೋರ್ಡ್ ಅವರ ಮಗ ಎಡ್ಸೆಲ್‌ಗೆ ಪಾಠ ಹೇಳಿದ್ದ ಶಾಲಾ ಮೇಷ್ಟ್ರು. ಅವರ ಜೊತೆ ಚಾರ್ಲ್ಸ್ ಸೊರೆನ್ಸನ್, ಪೀಟರ್ ಮಾರ್ಟಿನ್, ವಿಲಿಯಂ ಕ್ಲಾನ್ ಇದ್ದರು. ಷಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ಕೊಕ್ಕೆಗೆ ನೇತುಹಾಕಿದ ದನದ ದೇಹ ಸಾಲಾಗಿ ಸಾಗುವುದು, ಒಬ್ಬೊಬ್ಬ ಒಂದೊಂದು ಭಾಗ ಕತ್ತರಿಸುವುದು ಇವರಿಗೆ ಒಂದು ಮಾದರಿಯಾಗಿತ್ತು. ಅಲ್ಲಿ ಬಿಡಿಸುತ್ತಿದ್ದರು, ಇಲ್ಲಿ ಜೋಡಿಸಿದರು.

ಈಗ ಗೇಜಿನ ವಿಷಯಕ್ಕೆ ಮತ್ತೆ ಬನ್ನಿ. ಚೈನು ಓಡುತ್ತಿದೆ. ಒಂದು ಬೋಲ್ಟ್ ತೂತಿನೊಳಗೆ ಹೋಗುತ್ತಿಲ್ಲ. ಅರ ತೊಗೊಂಡು ಮೂರು ನಿಮಿಷ ಉಜ್ಜಿದರೆ ಹೋದೀತು. ಆದರೆ ಆ ಮೂರು ನಿಮಿಷ ಇಡೀ ಸಾಲು ನಿಲ್ಲಬೇಕು. ಇಂಥದ್ದು ಗಂಟೆಗೆ ನಾಲ್ಕೈದು ಸಲ ಆದರೆ ಲೈನು ಇದ್ದೂ ಪ್ರಯೋಜನವಿಲ್ಲ, ಬೆಂಚೇ ವಾಸಿ. ಅಳತೆ ಖಚಿತವಾಗಿಲ್ಲದ ಕಾರ್ಖಾನೆಯಲ್ಲಿ ಚೈನು ಹಾಕಿದ್ದರೆ ಅದು ಮೊದಲ ದಿನವೇ ಸೋಲುತ್ತಿತ್ತು. ಚೈನು, ಹಳಿ, ರಾಟೆ ಇವೆಲ್ಲ ಪ್ರಪಂಚದಲ್ಲಿ ಹಿಂದೆಯೂ ಇದ್ದವು. ಅವುಗಳ ಮೇಲೆ ಇಡಲು ತಕ್ಕ ಭಾಗಗಳು ಇರಲಿಲ್ಲ.

1913ರ ಮಧ್ಯದಲ್ಲಿ ಚಾಸಿ, ಅಂದರೆ ಕಾರಿನ ಅಡಿಗಟ್ಟಿನ ಜೋಡಣೆಗೂ ಇದನ್ನೇ ಪ್ರಯೋಗ ಮಾಡಿದರು. ಮೊದಮೊದಲು ಚಾಸಿಗೆ ಹಗ್ಗ ಕಟ್ಟಿ ರಾಟೆಯಿಂದ ಎಳೆದರು. ದಾರಿಯುದ್ದಕ್ಕೂ ಭಾಗಗಳ ರಾಶಿ ಇಟ್ಟಿದ್ದರು, ಕೆಲಸಗಾರರು ಜೊತೆಯಲ್ಲೇ ನಡೆಯುತ್ತಾ ಜೋಡಿಸಿದರು. ನಿಂತಲ್ಲೇ ಜೋಡಿಸುವಾಗ ಒಂದು ಚಾಸಿಗೆ ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಈ ಹಗ್ಗದ ಪ್ರಯೋಗದಲ್ಲೇ ಅದು ಆರು ಗಂಟೆಯೊಳಗೆ ಬಂತು. ಚೈನು ಬಂದು, ಎತ್ತರ ಸರಿಯಾಗಿ, ಕೆಲಸ ಇನ್ನಷ್ಟು ಸಣ್ಣದಾಗಿ ಒಡೆದ ಮೇಲೆ 1914ರಲ್ಲಿ 1 ಗಂಟೆ 33 ನಿಮಿಷಕ್ಕೆ ಇಳಿಯಿತು. ಮಾಡೆಲ್ ಟಿ ಬೆಲೆಯೂ ವರ್ಷ ವರ್ಷ ಇಳಿಯಿತು. 1925ರ ಹೊತ್ತಿಗೆ ಅತಿ ಅಗ್ಗದ ಮಾದರಿ 260 ಡಾಲರ್‌ಗೆ ಸಿಗುತ್ತಿತ್ತು.

ಜನ ನಿಲ್ಲದ ಕಾರ್ಖಾನೆ

ಲೈನಿನಲ್ಲಿ ಭಾಗಗಳು ನಿಂತವು, ಜನ ನಿಲ್ಲಲಿಲ್ಲ. 1913ರಲ್ಲಿ ಸುಮಾರು 14,000 ಜನರ ಬಲ ಉಳಿಸಿಕೊಳ್ಳಲು ಫೋರ್ಡ್ ಕಂಪನಿ ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವರು ಕೆಲವೇ ವಾರದಲ್ಲಿ ಬಿಟ್ಟು ಹೋಗುತ್ತಿದ್ದರು. ಅದು ಸಹಜವೇ. ದಿನವಿಡೀ ಒಂದೇ ನಟ್ಟು, ಚೈನು ಹೇಳಿದ ವೇಗಕ್ಕೆ. ತಲೆ ಎತ್ತಿ ಒಂದು ನಿಮಿಷ ಕಿಟಕಿ ನೋಡುವ ಸ್ವಾತಂತ್ರ್ಯ ಬೆಂಚಿನಲ್ಲಿತ್ತು, ಲೈನಿನಲ್ಲಿ ಇರಲಿಲ್ಲ.

1914ರ ಜನವರಿ 5ರಂದು ಕಂಪನಿ ದಿನಗೂಲಿಯನ್ನು 5 ಡಾಲರ್‌ಗೆ ಏರಿಸುವುದಾಗಿ ಹೇಳಿತು. ಹಿಂದಿನ ಕೂಲಿಯ ಎರಡರಷ್ಟು. ಪಾಳಿ ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಯಿತು. ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದ ಜೇಮ್ಸ್ ಕಝನ್ಸ್ ಅವರ ಪಾತ್ರ ಈ ತೀರ್ಮಾನದಲ್ಲಿ ದೊಡ್ಡದು. ಸುದ್ದಿ ಕೇಳಿ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಗೇಟಿನ ಮುಂದೆ ಸೇರಿದರು. ಕೆಲಸ ಇಲ್ಲ ಅಂದಾಗ ಗಲಾಟೆ ಆಯಿತು. ಅವರ ಮೇಲೆ ನೀರು ಹಾರಿಸಿ ಚದುರಿಸಿದರು.

ಈ 5 ಡಾಲರ್ ಕಥೆಯನ್ನು ಔದಾರ್ಯದ ಕಥೆಯಾಗಿ ಹೇಳುವವರು ಒಂದು ವಿಷಯ ಬಿಡುತ್ತಾರೆ. ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ಕೂಲಿಯಲ್ಲ, ಲಾಭದ ಹಂಚಿಕೆ. ಅದು ಸಿಗಬೇಕಾದರೆ ಕೆಲಸಗಾರ ಮನೆಯಲ್ಲೂ ಸರಿಯಾಗಿರಬೇಕು. ಕಂಪನಿಯ ಸಮಾಜಶಾಸ್ತ್ರ ವಿಭಾಗದವರು ಮನೆಗೇ ಬಂದು ನೋಡುತ್ತಿದ್ದರು. ಕುಡಿಯುತ್ತಾನಾ, ಉಳಿತಾಯ ಇದೆಯಾ, ಮನೆ ಚೊಕ್ಕಟವಾಗಿದೆಯಾ ಅಂತ ವಿಚಾರಿಸುತ್ತಿದ್ದರು. ಹೆಂಗಸರಿಗೆ ಮೊದಲಿಗೆ ಈ ಲಾಭ ಇರಲಿಲ್ಲ. ಲೈನು ಕೆಲಸಗಾರನ ಕೈಯನ್ನು ಅಳತೆಗೆ ತಂದಿತ್ತು, ಈ ವಿಭಾಗ ಅವನ ಬದುಕಿಗೂ ಗೇಜು ಹಿಡಿಯಿತು. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೂ ಎರಡರಷ್ಟು ಕೂಲಿ ಸಾವಿರಾರು ಮನೆಗಳ ಒಲೆ ಉರಿಸಿದ್ದೂ ನಿಜ. ಬಿಟ್ಟು ಹೋಗುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ಕಾರ್ಮಿಕ ಸಂಘಕ್ಕೆ ಮಾನ್ಯತೆ ಕೊಡಲು ಮಾತ್ರ ಫೋರ್ಡ್ 1941ರ ತನಕ ಒಪ್ಪಲಿಲ್ಲ.

ಒಂದೇ ಮಾಡೆಲ್ ಅನ್ನುವ ಹಟ ಕೊನೆಗೆ ಫೋರ್ಡ್ ಅವರಿಗೇ ಮುಳುವಾಯಿತು. ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಬೇರೆ ಬೇರೆ ಜೇಬಿಗೆ ಬೇರೆ ಬೇರೆ ಕಾರು, ಹೊಸ ಬಣ್ಣ, ವರ್ಷಕ್ಕೊಂದು ಬದಲಾವಣೆ, ಜೊತೆಗೆ ಕಂತಿನ ಸಾಲ ಅನ್ನುವ ದಾರಿ ಹಿಡಿದರು. ಫೋರ್ಡ್ ಬಿಟ್ಟು ಅಲ್ಲಿ ಹೋಗಿದ್ದ ವಿಲಿಯಂ ನುಡ್‌ಸೆನ್ ಶೆವ್ರೊಲೆ ಕಾರ್ಖಾನೆಯಲ್ಲಿ ಮಾಡೆಲ್ ಬದಲಾದರೂ ಬಳಸಬಹುದಾದ ಯಂತ್ರಗಳನ್ನು ಇಟ್ಟರು. 1927ರ ಮೇ ತಿಂಗಳಲ್ಲಿ, ಒಂದೂವರೆ ಕೋಟಿ ಕಾರುಗಳಾದ ಮೇಲೆ, ಮಾಡೆಲ್ ಟಿ ನಿಂತಿತು. ಹೊಸ ಮಾಡೆಲ್ಲಿಗೆ ಹಳೆಯ ವಿಶೇಷ ಯಂತ್ರಗಳು ಬಾರದ ಕಾರಣ ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚಿತ್ತು.

ಪೆಟ್ಟಿಗೆಯಲ್ಲಿ ಬಂದ ಕಾರು

ಭಾಗಗಳು ಎಲ್ಲಿ ಮಾಡಿದರೂ ಕೂರುತ್ತವೆ ಅಂದ ಮೇಲೆ ಕಾರನ್ನು ಪೂರ್ತಿಯಾಗಿ ಹಡಗಿನಲ್ಲಿ ಕಳಿಸುವ ಅಗತ್ಯವಿಲ್ಲ. ಬಿಡಿಸಿ ಪೆಟ್ಟಿಗೆಯಲ್ಲಿ ಕಳಿಸಿದರೆ ಜಾಗ ಉಳಿಯುತ್ತದೆ, ಇಳಿದ ಊರಿನಲ್ಲಿ ಸ್ಪ್ಯಾನರ್ ಹಿಡಿದು ಜೋಡಿಸಬಹುದು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಹಾಕಿದ ಕಾರ್ಖಾನೆ ಇಂಥದ್ದು. ಫೋರ್ಡ್ ಕೂಡ 1920ರ ದಶಕದಲ್ಲೇ ಭಾರತಕ್ಕೆ ಬಂತು.

ಜೋಡಿಸುವುದು ಬೇರೆ, ಮಾಡುವುದು ಬೇರೆ. ಈ ವ್ಯತ್ಯಾಸವನ್ನು ಹಿಡಿದು ಹೋರಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಭಾರತದಲ್ಲೇ ಕಾರು ತಯಾರಿಸಬೇಕು ಅಂತ 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಮತ್ತು ಅಮೆರಿಕಕ್ಕೆ ಹೋಗಿ ಅಲ್ಲಿನ ಉದ್ಯಮವನ್ನು ನೋಡಿಬಂದರು. ಮುಂಬಯಿಯಲ್ಲಿ ಕಾರ್ಖಾನೆ ಹಾಕುವ ಯೋಜನೆ ತಯಾರಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅವರ ಜೊತೆ ದುಡಿದ ವಾಲ್‌ಚಂದ್ ಹೀರಾಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅಲ್ಲೂ ಶುರುವಿನಲ್ಲಿ ನಡೆದದ್ದು ಹೊರಗಿನ ಭಾಗಗಳ ಜೋಡಣೆಯೇ. ಭಾಗ ಮಾಡಲು ಬೇಕಾದ ಯಂತ್ರಗಳೂ, ಗೇಜುಗಳೂ, ಅವನ್ನು ಬಳಸಬಲ್ಲ ಸಣ್ಣ ಕಾರ್ಖಾನೆಗಳೂ ಒಂದೇ ದಿನಕ್ಕೆ ಹುಟ್ಟುವುದಿಲ್ಲ.

ಆ ಬುನಾದಿಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿಯನ್ನು ಎಲ್ಲರೂ ಕೈಗಡಿಯಾರದಿಂದ ಗುರುತಿಸುತ್ತಾರೆ. ಅದರ ಮೂಲ ಕಸುಬು ಯಂತ್ರ ಮಾಡುವ ಯಂತ್ರಗಳದ್ದು, ಲೇತ್‌ಗಳದ್ದು. ಅದಕ್ಕೂ ಎರಡು ವರ್ಷ ಮೊದಲು ಶುರುವಾದ ಮೈಕೊ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಎಂಜಿನ್ನಿಗೆ ಒತ್ತಡದಲ್ಲಿ ಇಂಧನ ಕಳಿಸುವ ಡೀಸೆಲ್ ಪಂಪ್‌ಗಳನ್ನು ಮಾಡಿತು.

ಆ ಡೀಸೆಲ್ ಪಂಪಿನಲ್ಲಿ ಎಲಿಮೆಂಟ್ ಅಂತ ಒಂದು ಭಾಗವಿದೆ. ಕೊಳವೆಯಂಥ ಒಂದು ಬ್ಯಾರಲ್, ಅದರೊಳಗೆ ಮೇಲೆ ಕೆಳಗೆ ಆಡುವ ದಂಡದಂಥ ಒಂದು ಪ್ಲಂಜರ್. ಎರಡರ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅದಕ್ಕಿಂತ ಜಾಸ್ತಿಯಾದರೆ ಒತ್ತಡ ಸೋರುತ್ತದೆ, ಕಡಿಮೆಯಾದರೆ ಹಿಡಿದುಕೊಳ್ಳುತ್ತದೆ. ಇಷ್ಟು ಸೂಕ್ಷ್ಮಕ್ಕೆ ಬಂದಾಗ ಲೀಲಂಡ್ ಅವರ ತತ್ವವೂ ಸಾಕಾಗುವುದಿಲ್ಲ. ಪ್ಲಂಜರ್ ಮತ್ತು ಬ್ಯಾರಲನ್ನು ನುಣ್ಣಗೆ ಉಜ್ಜಿ, ಒಂದಕ್ಕೊಂದು ಹೊಂದುವ ಜೋಡಿ ಮಾಡಿಯೇ ಕಾರ್ಖಾನೆಯಿಂದ ಕಳಿಸುತ್ತಾರೆ. ಒಂದರ ಪ್ಲಂಜರ್ ಇನ್ನೊಂದರ ಬ್ಯಾರಲ್ಲಿಗೆ ಹಾಕುವ ಹಾಗಿಲ್ಲ. ಪಂಪ್ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಅದನ್ನು ಬಿಚ್ಚುವಾಗ ಎಲಿಮೆಂಟ್‌ಗಳನ್ನು ಜೋಡಿ ಜೋಡಿಯಾಗಿಯೇ ಬೇರೆ ಇಡುತ್ತಾರೆ, ಸವೆದರೆ ಎರಡನ್ನೂ ಒಟ್ಟಿಗೇ ಬದಲಿಸುತ್ತಾರೆ.